ಬಾಗಿಲು ತೆರೆಯುವವಳು, ಚಿಲಕ ಹಿಡಿಯುವವನು: ಹಾರರ್ ಕತೆಗೆ ಆತುರ ಮತ್ತು ಎಚ್ಚರದ ಜೋಡಿ ಕಟ್ಟುವುದು ಹೇಗೆ

ಕತ್ತಲೆ ಕೋಣೆಯಿಂದ ಏನೋ ಸದ್ದು ಬರುತ್ತದೆ. ನಿಮ್ಮ ಪಾತ್ರ ಒಳಗೆ ಹೋದರೆ ಓದುಗರು "ಇವನಿಗೇನು ತಲೆ ಕೆಟ್ಟಿದೆಯಾ?" ಅನ್ನುತ್ತಾರೆ. ಹೋಗದಿದ್ದರೆ ಕತೆ ಅಲ್ಲಿಗೇ ಮುಗಿಯಿತು. ಹಾರರ್ ಬರೆಯುವ ಎಲ್ಲರೂ ಒಂದಲ್ಲ ಒಂದು ದಿನ ಈ ಬಾಗಿಲ ಮುಂದೆ ನಿಲ್ಲುತ್ತಾರೆ. ಇದಕ್ಕೆ ಒಂದು ಹಳೆಯ ಉಪಾಯ ಇದೆ. ಒಬ್ಬರ ಬದಲು ಇಬ್ಬರನ್ನು ಕಳಿಸುವುದು. ಒಬ್ಬರು ಮುನ್ನುಗ್ಗುವವರು, ಇನ್ನೊಬ್ಬರು ತಡೆದು ನೋಡುವವರು.

ಉಪಾಯ ಹಳೆಯದು, ಆದರೆ ಅದನ್ನು ಕೆಡಿಸುವುದೂ ಸುಲಭ. ಆತುರದವರು ಬರೀ ದಡ್ಡರು, ಎಚ್ಚರದವರು ಬರೀ ಜಾಣರು ಅಂತ ಬರೆದುಬಿಟ್ಟರೆ ಎರಡನೇ ಪುಟಕ್ಕೇ ಓದುಗರಿಗೆ ಎಲ್ಲ ಗೊತ್ತಾಗುತ್ತದೆ. ದಡ್ಡ ಸಾಯುತ್ತಾನೆ, ಜಾಣ "ನಾನು ಹೇಳಿದ್ದೆ ಅಲ್ವಾ" ಅನ್ನುತ್ತಾನೆ. ಅದು ಹಾರರ್ ಅಲ್ಲ, ಶಾಲೆಯ ನೀತಿಪಾಠ.

ನನ್ನ ಪ್ರಕಾರ ಭಯ ಇಬ್ಬರಲ್ಲಿ ಯಾರೊಳಗೂ ಇರುವುದಿಲ್ಲ. ಇಬ್ಬರ ನಡುವಿನ ದೂರದಲ್ಲಿ ಇರುತ್ತದೆ. ಒಬ್ಬಳು ನಲವತ್ತು ಹೆಜ್ಜೆ ಮುಂದೆ ಹೋಗಿದ್ದಾಳೆ. ಹಿಂದೆ ಉಳಿದವನಿಗೆ ಅವಳಿಗೆ ಗೊತ್ತಿಲ್ಲದ ಒಂದು ವಿಷಯ ಈಗ ತಾನೇ ಗೊತ್ತಾಗಿದೆ. ಆ ನಲವತ್ತು ಹೆಜ್ಜೆಯನ್ನು ಹಿಗ್ಗಿಸಿ, ಕುಗ್ಗಿಸಿ, ಕೊನೆಗೆ ತಿರುಗುಮುರುಗು ಮಾಡುವುದೇ ಈ ಜೋಡಿಯನ್ನು ಬರೆಯುವ ಕೆಲಸ. ಅದನ್ನು ಒಂದೊಂದೇ ಹಂತದಲ್ಲಿ ನೋಡೋಣ. ಬರೀ ಸೂತ್ರ ಹೇಳಿದರೆ ಪ್ರಯೋಜನವಿಲ್ಲ, ಹಾಗಾಗಿ ಒಂದು ಹೊಸ ಕತೆಯನ್ನು ಜೊತೆಜೊತೆಗೇ ಕಟ್ಟುತ್ತಾ ಹೋಗೋಣ.

ಹಂತ 1: ಮೊದಲು ಅಪಾಯ, ಆಮೇಲೆ ಜೋಡಿ

ಹೆಚ್ಚಿನವರು ಮೊದಲು ಪಾತ್ರಗಳನ್ನು ಮಾಡಿಕೊಂಡು ಆಮೇಲೆ ದೆವ್ವ ಹುಡುಕಲು ಹೋಗುತ್ತಾರೆ. ಇದನ್ನು ಉಲ್ಟಾ ಮಾಡಿ. ಮೊದಲು ಅಪಾಯ ಯಾವುದು, ಅದರ ನಿಯಮ ಏನು ಅಂತ ತೀರ್ಮಾನಿಸಿ. ಆ ಅಪಾಯ ಎರಡೂ ಕಡೆ ಕುಯ್ಯಬೇಕು. ಆತುರಪಟ್ಟರೂ ಕೊಲ್ಲಬೇಕು, ತಡ ಮಾಡಿದರೂ ಕೊಲ್ಲಬೇಕು. ಬರೀ ಆತುರವನ್ನು ಶಿಕ್ಷಿಸುವ ದೆವ್ವ ಇಟ್ಟರೆ ಎಚ್ಚರದವನೇ ಗೆಲ್ಲುತ್ತಾನೆ. ಆಗ ಆತುರದವಳು ಕತೆಯಲ್ಲಿ ಯಾಕಿದ್ದಾಳೆ?

ನಮ್ಮ ಕಡೆಯೇ ಅಂಥದ್ದೊಂದು ನಿಯಮ ಸಿದ್ಧವಾಗಿ ಬಿದ್ದಿದೆ. ರಾತ್ರಿ ಹೊರಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓಗೊಡಬಾರದು ಅಂತ ಹಳ್ಳಿಗಳಲ್ಲಿ ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಕರೆಯುವುದು ಗುರುತಿನವರ ದನಿಯಲ್ಲೇ ಅಂತೆ. ನಿಜವಾದ ಮನುಷ್ಯರಾದರೆ ಮತ್ತೆ ಮತ್ತೆ ಕರೆಯುತ್ತಾರೆ, ಬೇರೆಯದಾದರೆ ಅಲ್ಲಿಗೇ ಬಿಡುತ್ತದೆ ಅನ್ನುವುದು ಲೆಕ್ಕ. 1990ರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಅದರ ಹಿಂದೆ ಇದ್ದದ್ದೂ ಇಂಥದ್ದೇ ನಂಬಿಕೆ. (ಆ ಬರಹ ಎಚ್ಚರದವರ ಆಯುಧಗಳಲ್ಲೇ ಅತ್ಯುತ್ತಮ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಬಾಗಿಲು ತೆರೆಯುವಂತಿಲ್ಲ, ಜಗಳವಾಡುವಂತಿಲ್ಲ, ಸುಮ್ನೆ ಮುಂದಕ್ಕೆ ಹಾಕುವುದು. ಸರ್ಕಾರಿ ಕಚೇರಿಯವರಿಂದ ಕಲಿತದ್ದೋ ಏನೋ.)

ಈ ನಿಯಮಕ್ಕೆ ಎರಡು ಅಲಗು ಇವೆ. ಮೊದಲ ಕರೆಗೇ ಓಡಿದರೆ ಆತುರದವಳು ಸಿಕ್ಕಿಬೀಳುತ್ತಾಳೆ. ಮೂರನೇ ಕರೆಗೆ ಕಾಯುತ್ತಾ ಕೂತರೆ, ನಿಜವಾಗಿ ಕರೆಯುತ್ತಿರುವವರು ಅಷ್ಟರಲ್ಲಿ ಸತ್ತಿರಬಹುದು. ನಮ್ಮ ಕತೆಗೆ ಇದನ್ನೇ ಇಟ್ಟುಕೊಳ್ಳೋಣ.

ಜಾಗ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರದ ಕಡೆಯ ಎಷ್ಟೋ ಊರುಗಳು ನೀರಿನಡಿ ಹೋದವು. ಅದಕ್ಕೂ ಹಿಂದೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮತ್ತೆ ಮೇಲೆ ಕಾಣಿಸಿಕೊಳ್ಳುತ್ತದೆ. ಕಾಲ ಸೇತುವೆ ಬರುವುದಕ್ಕೆ ಮುಂಚಿನದು. ಹಿನ್ನೀರಿನ ಆಚೆ ದಡದ ತುಮರಿ ಕಡೆಗೆ ಲಾಂಚಿನಲ್ಲೇ ದಾಟಬೇಕಿದ್ದ ದಿನಗಳು. ಸಂಜೆಯ ಕೊನೆಯ ಲಾಂಚ್ ಹೋಯಿತು ಅಂದರೆ ಬೆಳಗಿನವರೆಗೆ ನೀವು ಆ ದಡದವರೇ. ಕತೆಗಾರರಿಗೆ ಇದಕ್ಕಿಂತ ಒಳ್ಳೆಯ ಬೀಗ ಸಿಗುವುದಿಲ್ಲ. ಮೊಬೈಲ್ ಚಾರ್ಜ್ ಮುಗಿಯಿತು, ಕಾರು ಕೆಟ್ಟಿತು ಅನ್ನುವ ಸವಕಲು ನೆಪಗಳ ಅಗತ್ಯವೇ ಇಲ್ಲ.

ಹಂತ 2: ಸ್ವಭಾವಕ್ಕೆ ಒಂದು ಕಸುಬು ಕೊಡಿ

"ಅವಳು ಹುಟ್ಟಾ ದುಡುಕಿನವಳು" ಅಂತ ಬರೆದರೆ ಓದುಗರು ನಂಬುವುದಿಲ್ಲ. ನಂಬಿದರೂ ಗೌರವಿಸುವುದಿಲ್ಲ. ಆತುರ ಒಂದು ಕಡೆ ಕೆಲಸಕ್ಕೆ ಬಂದಿರಬೇಕು, ಜೀವ ಉಳಿಸಿರಬೇಕು. ಎಚ್ಚರವೂ ಅಷ್ಟೇ.

ನಮ್ಮ ಕತೆಯ ಗಂಡ ಶ್ರೀಧರ, ಪವರ್‌ಮ್ಯಾನ್. ಕರೆಂಟ್ ಕಂಬ ಹತ್ತುವವನು. ಆ ಕೆಲಸದಲ್ಲಿ ಲೈನ್ ಕ್ಲಿಯರ್ ತೆಗೆದುಕೊಳ್ಳದೆ ತಂತಿ ಮುಟ್ಟುವಂತಿಲ್ಲ. ವಿದ್ಯುತ್ ಸ್ಟೇಷನ್‌ಗೆ ಫೋನ್ ಮಾಡಿ, ಲೈನ್ ಆಫ್ ಆಗಿದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಏಣಿ. ಕೆಲಸ ಮುಗಿದ ಮೇಲೆ ಲೈನ್ ಕ್ಲಿಯರ್ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು, ಬೇರೆಯವರು ಹೇಳಿದರೆ ನಡೆಯುವುದಿಲ್ಲ. ಅಂದರೆ ಇವನ ಜೀವ ನಿಂತಿರುವುದೇ ಫೋನಿನ ಆ ಕಡೆಯ ದನಿಯನ್ನು ಗುರುತಿಸುವುದರ ಮೇಲೆ. ದನಿಯನ್ನು ಎರಡು ಸಲ ಕೇಳದೆ ಇವನು ಏನನ್ನೂ ನಂಬುವುದಿಲ್ಲ. ಹಿಂದೊಮ್ಮೆ ಜೊತೆಗಾರನೊಬ್ಬ ನಂಬಿದ್ದ. ಕಂಬದ ಮೇಲೇ ಉಳಿದ.

ಹೆಂಡತಿ ವಿನುತಾ, 108 ಆಂಬುಲೆನ್ಸ್‌ನಲ್ಲಿ ನರ್ಸ್. ಅವಳ ಲೆಕ್ಕವೆಲ್ಲ ನಿಮಿಷಗಳಲ್ಲಿ. ಯಾರು, ಏನು, ಎತ್ತ ಅಂತ ವಿಚಾರಿಸುತ್ತಾ ನಿಂತರೆ ರಕ್ತ ಹೋಗುತ್ತಲೇ ಇರುತ್ತದೆ. ಮೊದಲು ಓಡು, ಆಮೇಲೆ ಕೇಳು. ಅವಳಿಗೂ ಒಂದು ಸಾವಿನ ನೆನಪಿದೆ. ಗೇಟಿನ ಬೀಗದ ಕೈ ಹುಡುಕುತ್ತಾ ಮನೆಯವರು ಕಳೆದ ಸಮಯದಲ್ಲಿ ಆದ ಸಾವು.

ನೋಡಿ, ಇಬ್ಬರೂ ಸರಿ. ಇಬ್ಬರ ಹಿಂದೆಯೂ ಒಂದೊಂದು ಹೆಣ ಇದೆ. ಇವನಿಗೆ ಆತುರ ಕೊಲ್ಲುತ್ತದೆ, ಅವಳಿಗೆ ತಡ ಕೊಲ್ಲುತ್ತದೆ. ಮೊದಲ ಹಂತದಲ್ಲಿ ಮಾಡಿಕೊಂಡ ಎರಡಲಗಿನ ನಿಯಮ ಈಗ ಎರಡು ಮನುಷ್ಯರಾಗಿ ನಿಂತಿತು.

ಹೆಣ್ಣು ಎಚ್ಚರದವಳು, ಗಂಡು ದುಡುಕಿನವನು ಆಗಿರಬೇಕೆಂದಾಗಲಿ, ಅದರ ಉಲ್ಟಾ ಆಗಿರಬೇಕೆಂದಾಗಲಿ ಇಲ್ಲ. ಗಂಡ ಹೆಂಡತಿಯೇ ಆಗಬೇಕೆಂದೂ ಇಲ್ಲ. ಅಕ್ಕ ತಂಗಿ, ಲಾರಿ ಡ್ರೈವರ್ ಕ್ಲೀನರ್, ಅತ್ತೆ ಸೊಸೆ, ಯಾರಾದರೂ ನಡೆಯುತ್ತಾರೆ. ಅತ್ತೆ ದುಡುಕಿನವಳು, ಸೊಸೆ ಎಚ್ಚರದವಳು ಆದರೆ ಇನ್ನೂ ಮಜಾ. ಎಚ್ಚರದವಳಿಗೆ ಬಾಯಿ ಬಿಡುವ ಸ್ವಾತಂತ್ರ್ಯವೇ ಇರುವುದಿಲ್ಲ.

ಹಂತ 3: ಎಚ್ಚರದವನು ಎದ್ದು ಹೋಗುವುದಿಲ್ಲ ಯಾಕೆ?

ಇದು ಬಹಳ ಕತೆಗಳು ಸೋರುವ ಜಾಗ. ಅಷ್ಟು ಎಚ್ಚರದವನಾದರೆ ಅವನು ಆ ಮನೆಯಲ್ಲಿ ರಾತ್ರಿ ಉಳಿಯುವುದೇ ಇಲ್ಲ. ಅವನನ್ನು ಕಟ್ಟಿಹಾಕುವ ಹಗ್ಗ ಬೇಕು. ಪ್ರೀತಿ ಅನ್ನುವುದು ಸುಲಭದ ಉತ್ತರ, ಸಾಕಾಗುವುದಿಲ್ಲ.

1993ರಲ್ಲಿ ಶುರುವಾದ ಅಮೆರಿಕದ ಟಿವಿ ಧಾರಾವಾಹಿ 'ದಿ ಎಕ್ಸ್-ಫೈಲ್ಸ್' ಇದನ್ನು ಮೊದಲ ಕಂತಿನಲ್ಲೇ ಬಗೆಹರಿಸಿತು. ವಿಚಿತ್ರ ಪ್ರಕರಣಗಳ ತನಿಖೆ ಮಾಡುವ ಮಲ್ಡರ್ ಕಂಡದ್ದರ ಹಿಂದೆ ಓಡುವವನು. ಸ್ಕಲಿ ವೈದ್ಯೆ, ಪುರಾವೆ ಇಲ್ಲದೆ ಒಂದು ಮಾತನ್ನೂ ಒಪ್ಪದವಳು. ಅವಳು ಅವನ ಜೊತೆ ಬಂದದ್ದು ಸ್ನೇಹಕ್ಕಲ್ಲ. ಅವನ ಕೆಲಸದ ಮೇಲೆ ವರದಿ ಬರೆಯಲು ಮೇಲಿನವರು ಕಳಿಸಿದ್ದರು. ಎಚ್ಚರದವಳಿಗೆ ಅಲ್ಲಿರುವುದೇ ಡ್ಯೂಟಿ. ನಂಬಿಕೆ ಆಮೇಲೆ ಬೆಳೆಯಿತು. ಆಗ ಡ್ಯೂಟಿ ಇಲ್ಲದಿದ್ದರೂ ಅವಳು ಬಿಟ್ಟು ಹೋಗುವಂತಿರಲಿಲ್ಲ.

ನಮ್ಮ ಕತೆಯಲ್ಲಿ ಕೊನೆಯ ಲಾಂಚ್ ಹೋಗಿದೆ, ಅದು ಹೊರಗಿನ ಹಗ್ಗ. ಒಳಗಿನದು ಇನ್ನೂ ಬಿಗಿ. ಅದು ವಿನುತಾಳ ದೊಡ್ಡಮ್ಮನ ಮನೆ. ದೊಡ್ಡಮ್ಮನಿಗೆ ವಯಸ್ಸಾಗಿದೆ, ಒಬ್ಬರೇ ಇದ್ದಾರೆ. ಅವರನ್ನು ಸಾಗರಕ್ಕೆ ಕರೆದುಕೊಂಡು ಹೋಗಲು ಇಬ್ಬರೂ ಬಂದಿದ್ದಾರೆ. ಅವರು "ನಾಳೆ ನೋಡೋಣ" ಅನ್ನುತ್ತಿದ್ದಾರೆ. ಬಿಟ್ಟು ಹೋಗುವ ಹಾಗಿಲ್ಲ.

ಹಂತ 4: ಪ್ರತಿ ದೃಶ್ಯದಲ್ಲೂ ದೂರ ಅಳೆಯಿರಿ

ಇದೇ ಮುಖ್ಯ ಹಂತ. ಇದೊಂದನ್ನು ಸರಿಯಾಗಿ ಮಾಡಿ, ಉಳಿದವು ಸ್ವಲ್ಪ ಹೆಚ್ಚುಕಡಿಮೆ ಆದರೂ ಕತೆ ನಿಲ್ಲುತ್ತದೆ.

ದೃಶ್ಯ ಬರೆಯುವ ಮೊದಲು ಕಾಗದದ ಅಂಚಿನಲ್ಲಿ ಎರಡು ವಿಷಯ ಗುರುತು ಹಾಕಿ. ಒಂದು, ಯಾರು ಯಾರಿಗಿಂತ ಎಷ್ಟು ಹೆಜ್ಜೆ ಮುಂದಿದ್ದಾರೆ. ಎರಡು, ಯಾರಿಗೆ ಏನು ಗೊತ್ತು, ಇನ್ನೊಬ್ಬರಿಗೆ ಏನು ಗೊತ್ತಿಲ್ಲ. ಆತುರದವಳು ಹೆಜ್ಜೆಯಲ್ಲಿ ಮುಂದೆ, ಎಚ್ಚರದವನು ತಿಳಿವಳಿಕೆಯಲ್ಲಿ ಮುಂದೆ, ಇದು ಮೂಲ ಜೋಡಣೆ. ಅವಳು ನೋಡುತ್ತಾಳೆ ಆದರೆ ಅರ್ಥವಾಗಿಲ್ಲ. ಅವನಿಗೆ ಅರ್ಥವಾಗಿದೆ ಆದರೆ ಕೈಗೆಟುಕುವಷ್ಟು ಹತ್ತಿರ ಇಲ್ಲ.

ಹೀಗೆ:

"ವಿನೂ..."

ನೀರಿನ ಕಡೆಯಿಂದ ಬಂತು. ದೊಡ್ಡಮ್ಮನ ದನಿ. ಜಗಲಿಯಲ್ಲಿ ಮಲಗಿದ್ದ ವಿನುತಾ ಆಗಲೇ ಎದ್ದು ನಿಂತಿದ್ದಳು.

"ರೀ, ದೊಡ್ಡಮ್ಮ ಹೊರಗೆ ಹೋಗಿದಾರೆ. ಬಿದ್ದರೋ ಏನೋ."

"ಇರು. ಇನ್ನೊಂದು ಸಲ ಕರೀಲಿ."

"ಬಿದ್ದವರು ಎಷ್ಟು ಸಲ ಕರೀತಾರೆ?"

ಅದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ. ಅವಳು ಮೆಟ್ಟಿಲು ಇಳಿದಾಗಿತ್ತು. ಮನೆಯಲ್ಲಿದ್ದ ಒಂದೇ ಟಾರ್ಚು ಅವಳ ಕೈಯಲ್ಲಿ. ಬೆಳಕು ತೋಟ ದಾಟಿತು, ಬೇಲಿ ದಾಟಿತು, ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ಚಿಕ್ಕದಾಗುತ್ತಾ ಹೋಯಿತು. ಶ್ರೀಧರ ಕತ್ತಲಲ್ಲಿ ಕಾಲಿನಿಂದ ಚಪ್ಪಲಿ ಹುಡುಕಿದ.

ಒಳಕೋಣೆಯಲ್ಲಿ ಯಾರೋ ಕೆಮ್ಮಿದರು.

"ಯಾರಪ್ಪ ಅದು, ಬಾಗಿಲು ತೆಗೆದದ್ದು?" ದೊಡ್ಡಮ್ಮ ಕೇಳಿದರು.

ಇಲ್ಲಿ ದೆವ್ವ ಕಾಣಿಸಿಲ್ಲ. ರಕ್ತ ಇಲ್ಲ, ಕಿರುಚಾಟ ಇಲ್ಲ. ಒಂದು ಮುದುಕಿ ಕೆಮ್ಮಿದ್ದಾಳೆ ಅಷ್ಟೇ. ಆದರೂ ಬೆನ್ನು ತಣ್ಣಗಾಗುತ್ತದೆ. ಯಾಕೆಂದರೆ ವಿನುತಾ ಹೆಜ್ಜೆಯಲ್ಲಿ ದೂರ ಹೋಗಿದ್ದಾಳೆ, ಶ್ರೀಧರನಿಗೆ ತಿಳಿದದ್ದು ಅವಳಿಗೆ ತಿಳಿದಿಲ್ಲ, ಬೆಳಕೂ ಅವಳ ಕೈಯಲ್ಲೇ ಹೋಗಿದೆ. ಒಬ್ಬನೇ ಪಾತ್ರ ಇದ್ದಿದ್ದರೆ ಈ ದೃಶ್ಯ ಸಾಧ್ಯವೇ ಇರಲಿಲ್ಲ. ಒಬ್ಬರು ಹೊರಗೆ, ಒಬ್ಬರು ಒಳಗೆ ಇರಲೇಬೇಕು.

ಈಗ ಮುಂದಿನ ತಿರುವು ತಾನಾಗಿಯೇ ಬರುತ್ತದೆ. ಶ್ರೀಧರ ಅವಳನ್ನು ವಾಪಸ್ ಕರೆಯಬೇಕು. ಹೇಗೆ ಕರೆಯುವುದು? ಹೆಸರು ಹಿಡಿದು, ಕತ್ತಲಲ್ಲಿ, ಹೊರಗಿನಿಂದ. ಅಂದರೆ ಅವನೇ ಆ ನಿಯಮದ ದೆವ್ವದ ಜಾಗದಲ್ಲಿ ನಿಂತಂತಾಯಿತು. ಅವನು ಕೂಗುತ್ತಾನೆ: "ವಿನುತಾ!" ಸ್ವಲ್ಪ ಹೊತ್ತು ಬಿಟ್ಟು ನೀರಿನ ಆ ಕಡೆಯಿಂದ, ಅವನದೇ ದನಿಯಲ್ಲಿ, ಇನ್ನೊಂದು ಸಲ: "ವಿನುತಾ!"

ಇಂಥ ತಿರುವನ್ನು ಮೊದಲೇ ಯೋಚಿಸಿ ಇಡಬೇಕಾಗಿಲ್ಲ. ದೂರವನ್ನು ಸರಿಯಾಗಿ ಇಟ್ಟರೆ, ಆ ದೂರ ದಾಟಲು ಪಾತ್ರಗಳು ಮಾಡುವ ಪ್ರಯತ್ನವೇ ಹೊಸ ಅಪಾಯ ಹುಟ್ಟಿಸುತ್ತದೆ.

ತಿಳಿವಳಿಕೆಯ ದೂರವನ್ನು ಬೇಕಂತಲೇ ಕಾಪಾಡುವುದೂ ಒಂದು ಕಲೆ. 2004ರ ಕನ್ನಡ ಸಿನಿಮಾ 'ಆಪ್ತಮಿತ್ರ'ವನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಬೀಗ ಹಾಕಿದ ಕೋಣೆಯ ಕುತೂಹಲ ತಡೆಯಲಾರದೆ ತೆರೆಯುವವಳು ಗಂಗಾ. ಮನೆಯವರ ಅನುಮಾನ ಬೇರೊಬ್ಬ ಹುಡುಗಿಯ ಕಡೆ ತಿರುಗುತ್ತದೆ. ತೊಂದರೆ ಇರುವುದು ಗಂಗಾಳಲ್ಲೇ ಅನ್ನುವ ನಿಜ ಮನೋವೈದ್ಯ ಡಾಕ್ಟರ್ ವಿಜಯ್‌ಗೆ ಮೊದಲೇ ಹೊಳೆದಿರುತ್ತದೆ, ಆದರೆ ಸಮಯ ಬರುವವರೆಗೆ ಬಾಯಿ ಬಿಡುವುದಿಲ್ಲ. ತಮಾಷೆ ಮಾಡುತ್ತಾ ಓಡಾಡುತ್ತಿರುವ ಮನುಷ್ಯ ಒಳಗೊಳಗೇ ಲೆಕ್ಕ ಹಾಕುತ್ತಿದ್ದಾನೆ. ಇಲ್ಲಿ ಆತುರ ಮತ್ತು ಎಚ್ಚರದ ಜೋಡಿ ಗಂಡ ಹೆಂಡತಿಯಲ್ಲ, ರೋಗಿ ಮತ್ತು ವೈದ್ಯ. ಇಡೀ ಎರಡನೇ ಅರ್ಧ ನಿಂತಿರುವುದು ಅವನಿಗೆ ಗೊತ್ತು, ಮಿಕ್ಕವರಿಗೆ ಗೊತ್ತಿಲ್ಲ ಅನ್ನುವುದರ ಮೇಲೆ.

ಆದರೆ ಒಂದು ಎಚ್ಚರಿಕೆ. ಎಚ್ಚರದವನು ವಿಷಯ ಮುಚ್ಚಿಡುವುದಕ್ಕೆ ಕಾರಣ ಇರಲೇಬೇಕು. ಹೇಳಿದರೆ ಅಪಾಯ ಹೆಚ್ಚುತ್ತದೆ, ಅಥವಾ ಹೇಳಲು ಸಮಯ ಇಲ್ಲ, ಅಥವಾ ಹೇಳಿದರೂ ಕೇಳಿಸದಷ್ಟು ದೂರ. ಕತೆ ಬೇಗ ಮುಗಿದುಹೋಗುತ್ತದೆ ಅನ್ನುವ ಭಯಕ್ಕೆ ಬರಹಗಾರರು ಪಾತ್ರದ ಬಾಯಿ ಹೊಲಿದರೆ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ.

ಹಂತ 5: ಎಚ್ಚರವೂ ಸೋಲಲಿ

1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಕಾದಂಬರಿಯಲ್ಲಿ ಒಂದು ಸಭೆಯ ದೃಶ್ಯವಿದೆ. ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಶತ್ರುವಿನ, ಅಂದರೆ ರಕ್ತ ಹೀರುವ, ಬಾವಲಿಯ ರೂಪವನ್ನೂ ತಾಳಬಲ್ಲ ಡ್ರಾಕುಲಾನ ಶಕ್ತಿ ಏನು, ಮಿತಿ ಏನು ಅಂತ ಸಾವಧಾನವಾಗಿ ವಿವರಿಸುತ್ತಿದ್ದಾರೆ. ಮಧ್ಯದಲ್ಲಿ ಅಮೆರಿಕದ ಕ್ವಿನ್ಸಿ ಮಾರಿಸ್ ಸದ್ದಿಲ್ಲದೆ ಎದ್ದು ಹೊರಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜು ಒಡೆದು ಗುಂಡೊಂದು ಕೋಣೆಯೊಳಗೆ ನುಗ್ಗುತ್ತದೆ. ಕಿಟಕಿಯಲ್ಲಿ ಬಾವಲಿ ಕೂತಿತ್ತು, ಹೊಡೆದೆ, ಕ್ಷಮಿಸಿ ಅನ್ನುತ್ತಾನೆ. ಒಳಗಿದ್ದವರಲ್ಲಿ ಯಾರಾದರೂ ಸಾಯಬಹುದಿತ್ತು. ಎಷ್ಟು ನಗು ಬರುತ್ತದೋ ಅಷ್ಟೇ ಭಯ. ಇಷ್ಟು ಹೊತ್ತೂ ಶತ್ರು ಕಿಟಕಿಯಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದನಾ ಅನ್ನುವ ಅನುಮಾನ ಹುಟ್ಟುವುದೇ ಆ ಗುಂಡಿನಿಂದ. ಲೆಕ್ಕಾಚಾರದಲ್ಲಿ ಮುಳುಗಿದ್ದ ಉಳಿದವರ ಕಣ್ಣಿಗೆ ಕಿಟಕಿ ಬಿದ್ದಿರಲಿಲ್ಲ.

ಅದೇ ಸಭೆಯಲ್ಲಿ ಎಚ್ಚರದವರು ಒಂದು ತೀರ್ಮಾನ ಮಾಡುತ್ತಾರೆ. ಗುಂಪಿನಲ್ಲಿದ್ದ ಒಬ್ಬಳೇ ಹೆಂಗಸು ಮೀನಾಗೆ ಇನ್ನು ಮುಂದೆ ಏನನ್ನೂ ಹೇಳುವುದು ಬೇಡ, ಅವಳ ಒಳ್ಳೆಯದಕ್ಕೇ. ಗಂಡಸರೆಲ್ಲ ಸೇರಿ ಡ್ರಾಕುಲಾನ ಮನೆ ಹುಡುಕಲು ಹೋಗುತ್ತಾರೆ. ಅವಳನ್ನು ಹಿಂದೆ ಬಿಟ್ಟು ಹೋದ ಆ ಸುರಕ್ಷಿತ ಜಾಗದಲ್ಲೇ ಡ್ರಾಕುಲಾ ಅವಳ ಬಳಿ ಬರುತ್ತಾನೆ. ಇಡೀ ಕಾದಂಬರಿಯ ದೊಡ್ಡ ಅನಾಹುತ ದುಡುಕಿನಿಂದ ಆದದ್ದಲ್ಲ, ಅತಿ ಜಾಗ್ರತೆಯಿಂದ ಆದದ್ದು.

ಅಷ್ಟಕ್ಕೇ ಬಿಟ್ಟರೆ ಸ್ಟೋಕರ್ ಎಚ್ಚರದ ವಿರುದ್ಧ ಪಕ್ಷ ಹಿಡಿದಂತಾಗುತ್ತಿತ್ತು. ಹಾಗಾಗಲಿಲ್ಲ. ಎಲ್ಲರ ಡೈರಿ, ಪತ್ರಗಳನ್ನು ಟೈಪ್ ಮಾಡಿ, ತಾರೀಕಿನ ಪ್ರಕಾರ ಜೋಡಿಸಿ, ಪ್ರತಿಗಳನ್ನು ಮಾಡಿಟ್ಟವಳು ಅದೇ ಮೀನಾ. ಡ್ರಾಕುಲಾ ಬಂದು ಆ ಕಾಗದಗಳನ್ನು ಸುಟ್ಟುಹಾಕಿದಾಗ ಇನ್ನೊಂದು ಪ್ರತಿ ತಿಜೋರಿಯಲ್ಲಿ ಉಳಿದಿರುತ್ತದೆ. ನೂರಾರು ವರ್ಷದ ಮಾಟಮಂತ್ರದ ಮುಂದೆ ಒಂದು ಕಾರ್ಬನ್ ಕಾಪಿ! ನನಗೆ ಆ ಪುಸ್ತಕದಲ್ಲಿ ಶಿಲುಬೆ, ಬೆಳ್ಳುಳ್ಳಿಗಿಂತ ಜಾಸ್ತಿ ಇಷ್ಟವಾದ ಆಯುಧ ಅದೇ.

ನೀವೂ ಹೀಗೇ ಲೆಕ್ಕ ಇಡಿ. ಕತೆಯಲ್ಲಿ ಆತುರ ಒಂದು ಸಲ ಕೆಡಿಸಲಿ, ಒಂದು ಸಲ ಉಳಿಸಲಿ. ಎಚ್ಚರವೂ ಹಾಗೆಯೇ. ಇದು ಸಮಸಮ ಆಗಬೇಕೆಂದಿಲ್ಲ. ಆದರೆ ಈ ನಾಲ್ಕರಲ್ಲಿ ಒಂದು ಪೂರ್ತಿ ಇಲ್ಲದೇ ಹೋದರೆ ಜೋಡಿ ಕುಂಟುತ್ತದೆ. ಸಾಮಾನ್ಯವಾಗಿ ಕಾಣೆಯಾಗುವುದು "ಎಚ್ಚರ ಕೆಡಿಸಿದ" ದೃಶ್ಯ. ಬರಹಗಾರರು ಎಚ್ಚರದ ಜಾತಿಯವರೇ ಹೆಚ್ಚು, ತಮ್ಮವರನ್ನು ಬಿಟ್ಟುಕೊಡುವುದಿಲ್ಲ.

ಹಂತ 6: ದೆವ್ವದ ಬಗ್ಗೆ ಜಗಳ ಬೇಡ, ಟಾರ್ಚಿನ ಬಗ್ಗೆ ಇರಲಿ

"ದೆವ್ವ ಇದೆ", "ಇಲ್ಲ, ಅದೆಲ್ಲ ಮೂಢನಂಬಿಕೆ" ಅನ್ನುವ ವಾದವನ್ನು ಓದುಗರು ಸಾಕುಬೇಕಾಗುವಷ್ಟು ಓದಿದ್ದಾರೆ. ಮದುವೆಯಾಗಿ ನಾಲ್ಕು ವರ್ಷವಾದವರು ಹಾಗೆ ಮಾತಾಡುವುದಿಲ್ಲ. ಅವರ ಜಗಳ ಬೇರೆ ಯಾವುದೋ ವಸ್ತುವಿನ ಹೆಸರಲ್ಲಿ ನಡೆಯುತ್ತದೆ.

"ಟಾರ್ಚ್ ಎತ್ತಿಕೊಂಡು ಹೋಗ್ತೀಯಲ್ಲ, ಇಲ್ಲಿರೋರು ಏನು ಮಾಡಬೇಕು?"

"ನೀವು ಎದ್ದು ಬರೋ ಹೊತ್ತಿಗೆ ಬೆಳಕಾಗಿರುತ್ತೆ ಬಿಡಿ."

ಎರಡೇ ಸಾಲು. ಆದರೆ ಅದರಲ್ಲಿ ನಾಲ್ಕು ವರ್ಷದ ಸಂಸಾರವಿದೆ. ಯಾರು ಕಾದರು, ಯಾರು ಕಾಯಿಸಿದರು ಎಲ್ಲ ಇದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ಅನುಕೂಲ ಇದೆ, ಬಳಸಿಕೊಳ್ಳಿ. ವಿನುತಾ ಗಂಡನನ್ನು "ರೀ" ಅನ್ನುತ್ತಾಳೆ, ಹೆಸರು ಹಿಡಿದು ಕರೆಯುವುದಿಲ್ಲ. ಮನೆಯಲ್ಲಿ ಅವನನ್ನು "ಶ್ರೀಧರ" ಅನ್ನುವವರು ದೊಡ್ಡಮ್ಮ ಮಾತ್ರ. ಈಗ ನಡುರಾತ್ರಿ ಹೊರಗಿಂದ ವಿನುತಾಳ ದನಿ ಬರುತ್ತದೆ: "ಶ್ರೀಧರಾ..." ಎಚ್ಚರದವನಿಗೆ ತಕ್ಷಣ ಗೊತ್ತಾಗುತ್ತದೆ, ಇದು ಅವಳಲ್ಲ. ಅದು ಕೇಳಿಸಿಕೊಂಡ ಹೆಸರನ್ನಷ್ಟೇ ಹೇಳಬಲ್ಲದು, ಸಂಬಂಧ ಅದಕ್ಕೆ ಗೊತ್ತಿಲ್ಲ. ಯಾರೂ ಏನೂ ವಿವರಿಸದೆ ದೆವ್ವದ ಮಿತಿ ಓದುಗರಿಗೆ ತಿಳಿಯಿತು.

ಮನೆಯವರು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ ಅನ್ನುವುದನ್ನು ಮೊದಲ ಪುಟಗಳಲ್ಲೇ, ತೀರಾ ಮಾಮೂಲಿ ಮಾತಿನಲ್ಲಿ ಸೇರಿಸಿಡಿ. ಕಾಫಿ ಕೊಡುವಾಗ, ಬಸ್ ಹತ್ತುವಾಗ. ಒತ್ತಿ ಹೇಳಬೇಡಿ. ಒತ್ತಿ ಹೇಳಿದರೆ ಓದುಗರು ಕಾಯತೊಡಗುತ್ತಾರೆ.

ಹಂತ 7: ಒಬ್ಬರ ಗುಣ ಇನ್ನೊಬ್ಬರಿಗೆ ದಾಟಲಿ

ಜೊತೆಗಿದ್ದವರು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಕತೆಯ ಮುಕ್ಕಾಲು ಭಾಗ ದಾಟುವ ಹೊತ್ತಿಗೆ ಆತುರದವಳು ಒಂದು ಸಲ ಕಾಯಬೇಕು, ಎಚ್ಚರದವನು ಒಂದು ಸಲ ಯೋಚಿಸದೆ ಧುಮುಕಬೇಕು. 'ದಿ ಎಕ್ಸ್-ಫೈಲ್ಸ್' ಎಂಟನೇ ಸೀಸನ್‌ನಲ್ಲಿ ಮಲ್ಡರ್ ಕಾಣೆಯಾದಾಗ, ಹೊಸ ಜೊತೆಗಾರ ಡಾಗೆಟ್ ಎದುರು ಅನುಮಾನಿಸುವ ಜಾಗ ಬಿಟ್ಟು ನಂಬುವ ಜಾಗಕ್ಕೆ ಹೋದವಳು ಸ್ಕಲಿ. ಏಳು ಸೀಸನ್ ಅವಳನ್ನು ನೋಡಿದವರಿಗೆ ಅದು ಸುಮ್ನೆ ಆದ ಬದಲಾವಣೆ ಅಂತ ಅನ್ನಿಸಲಿಲ್ಲ.

ಸಣ್ಣ ಕತೆಯಲ್ಲಿ ಅಷ್ಟು ಸಮಯ ಇರುವುದಿಲ್ಲ. ಹಾಗಾಗಿ ಅದಲುಬದಲನ್ನೇ ಅಪಾಯವಾಗಿ ಬಳಸಿ. ಬದಲಾದ ಕೂಡಲೇ ಎಲ್ಲ ಸರಿಹೋಯಿತು ಅಂತ ಬರೆದರೆ ಮತ್ತೆ ನೀತಿಪಾಠ. ನಮ್ಮ ಕತೆಯಲ್ಲಿ ಹೀಗೆ:

ಕೆಸರು ಮೊದಲು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಟಾರ್ಚ್ ಎಲ್ಲೋ ಬಿದ್ದು ಆರಿಹೋಗಿತ್ತು. ವಿನುತಾ ಕೂಗಲು ಬಾಯಿ ತೆರೆದಳು, ಮುಚ್ಚಿದಳು. ಅವನು ಮೂರನೇ ಕರೆಗೆ ಕಾಯುತ್ತಾನೆ. ಮೂರು ಸಲ ಕೂಗುವಷ್ಟು ಉಸಿರು ಇರಲಿಲ್ಲ. "ರೀ" ಅಂದರೆ ಅಷ್ಟು ದೂರ ಕೇಳಿಸುವುದೂ ಇಲ್ಲ.

"ಶ್ರೀಧರಾ!"

ಅಷ್ಟು ದೂರದಲ್ಲಿ ಬಾಗಿಲು ಬಡಿದ ಸದ್ದು. ಓಡುವ ಹೆಜ್ಜೆ. ಎಣಿಸಲಿಲ್ಲ ಅವನು, ಕಾಯಲಿಲ್ಲ. ಬೇಲಿ ಮುರಿಯಿತು.

"ವಿನುತಾ! ಎಲ್ಲಿದೀಯ? ಒಂದು ಸಲ ಓ ಅನ್ನು!"

ಅವಳು ಬಾಯಿ ತೆರೆದಳು. ಆಗ ನೆನಪಾಯಿತು. ಅವನು ಎಂದೂ ಮೊದಲ ಕರೆಗೆ ಬಂದವನಲ್ಲ. ಅದೂ ಹೆಸರು ಹಿಡಿದ ಕರೆಗೆ.

ಅವಳು ಸುಮ್ಮನಾದಳು.

ನೋಡಿ, ಏನಾಯಿತು. ಅವನು ಬದಲಾದ. ಬದಲಾದದ್ದಕ್ಕೇ ಅವಳಿಗೆ ಅವನು ಅವನಲ್ಲ ಅನ್ನಿಸಿತು. ಅವಳೂ ಬದಲಾದಳು, ಅವನಿಂದ ಕಲಿತ ಎಚ್ಚರವೇ ಈಗ ಅವಳ ಬಾಯಿ ಕಟ್ಟಿತು. ಹಂತ 6ರಲ್ಲಿ ದೆವ್ವವನ್ನು ಬಯಲು ಮಾಡಿದ ಸುಳಿವು ಈಗ ಇವರಿಬ್ಬರ ವಿರುದ್ಧವೇ ತಿರುಗಿದೆ. ಬಂದದ್ದು ನಿಜವಾಗಿ ಶ್ರೀಧರನೇ ಅಂತ ಓದುಗರಿಗೂ ಖಾತ್ರಿ ಇಲ್ಲ. ಬಾಗಿಲು ಬಡಿದದ್ದು, ಬೇಲಿ ಮುರಿದದ್ದು ಎಲ್ಲ ಅವಳ ಕಿವಿಯಿಂದ ಕೇಳಿಸಿದ್ದು ಮಾತ್ರ.

ಹಂತ 8: ಯಾರ ಕಣ್ಣು?

ಮೇಲಿನ ಎರಡು ತುಣುಕುಗಳನ್ನು ಹೋಲಿಸಿ. ಮೊದಲನೆಯದು ಶ್ರೀಧರನ ಕಣ್ಣು, ಎರಡನೆಯದು ವಿನುತಾಳ ಕಣ್ಣು. ಓದುಗರು ನಡುಗುತ್ತಾ ಕಾಯಬೇಕಾದರೆ ಹೆಚ್ಚು ತಿಳಿದವರ ಜೊತೆ ಅವರನ್ನು ಕೂರಿಸಿ. ಓದುಗರಿಗೇ ದಾರಿ ತಪ್ಪಬೇಕಾದರೆ ಕಡಿಮೆ ತಿಳಿದವರ ಜೊತೆ ಕೂರಿಸಿ. ಒಂದೇ ದೃಶ್ಯದೊಳಗೆ ಅತ್ತಿಂದಿತ್ತ ಜಿಗಿಯಬೇಡಿ. ಇಬ್ಬರ ತಲೆಯೊಳಗೂ ಒಟ್ಟಿಗೇ ಇದ್ದರೆ ದೂರವೇ ಇಲ್ಲ.

ಹಂತ 9: ಬೆಲೆ ಯಾರು ಕೊಡುತ್ತಾರೆ?

'ಡ್ರಾಕುಲಾ'ದ ಕೊನೆಯಲ್ಲಿ ಡ್ರಾಕುಲಾನ ಮೇಲೆ ಎರಡು ಕತ್ತಿಗಳು ಒಟ್ಟಿಗೇ ಬೀಳುತ್ತವೆ. ಮೀನಾಳ ಗಂಡ ಜೊನಾಥನ್‌ನದು ಕುಕ್ರಿ, ಕ್ವಿನ್ಸಿಯದು ಬೋವಿ ಚಾಕು. ಸಾಯುವವನು ಕ್ವಿನ್ಸಿ. ಮುನ್ನುಗ್ಗುವವರು ಸಾಯುವುದು ಹಳೆಯ ಪದ್ಧತಿ. ಹಾಗೆ ಬರೆಯುವುದು ತಪ್ಪಲ್ಲ, ಆದರೆ ಇವತ್ತಿನ ಓದುಗರು ಅದನ್ನು ಮೊದಲೇ ಊಹಿಸಿಬಿಟ್ಟಿರುತ್ತಾರೆ. ಎಚ್ಚರದವರು ಸತ್ತು ಆತುರದವರು ಉಳಿದರೆ ಬೇರೆ ಥರದ ನೋವು. ಇನ್ನು ಅವಳನ್ನು "ಇರು" ಅನ್ನುವವರು ಯಾರೂ ಇಲ್ಲ. ಇಬ್ಬರೂ ಉಳಿದು ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೋದರೂ ಅದು ಕಡಿಮೆ ಬೆಲೆಯಲ್ಲ. ಬೆಳಿಗ್ಗೆ ಮೊದಲ ಲಾಂಚಿನಲ್ಲಿ ಪಕ್ಕಪಕ್ಕ ಕೂತು, ಅವನು ಕರೆದಾಗ ಅವಳು ತಿರುಗದೇ ಇದ್ದರೆ ಸಾಕು, ಮತ್ತೆ ದೆವ್ವ ಬರಬೇಕಾಗಿಲ್ಲ. ನನ್ನನ್ನು ಕೇಳಿದರೆ ಈ ಕತೆಗೆ ಮೂರನೆಯದೇ ಸರಿ. ನೀವು ಬರೆದರೆ ನಿಮ್ಮಿಷ್ಟ.

ಹಂತ 10: ತಿದ್ದುವಾಗ

ಕರಡು ಮುಗಿದ ಮೇಲೆ ಎರಡು ಬಣ್ಣದ ಪೆನ್ನು ತೆಗೆದುಕೊಳ್ಳಿ. ಆತುರದವಳ ನಿರ್ಧಾರದಿಂದ ಕತೆ ಮುಂದೆ ಹೋದ ಕಡೆಯೆಲ್ಲ ಒಂದು ಬಣ್ಣ, ಎಚ್ಚರದವನ ನಿರ್ಧಾರದಿಂದ ಹೋದ ಕಡೆ ಇನ್ನೊಂದು. ಪುಟಗಟ್ಟಲೆ ಒಂದೇ ಬಣ್ಣ ಕಂಡರೆ ಇನ್ನೊಬ್ಬರು ಸುಮ್ನೆ ಹಿಂದೆ ಹಿಂದೆ ನಡೆಯುತ್ತಿದ್ದಾರೆ ಅಂತ ಅರ್ಥ. ಆ ಪುಟಗಳಲ್ಲಿ ಅವರಿಗೆ ಒಂದು ನಿರ್ಧಾರ ಕೊಡಿ, ಇಲ್ಲವೇ ಅವರನ್ನು ಆ ದೃಶ್ಯದಿಂದ ಹೊರಗೆ ಕಳಿಸಿ.

ಆಮೇಲೆ ಎಚ್ಚರದವನ ಮಾತುಗಳನ್ನಷ್ಟೇ ಬೇರೆ ಮಾಡಿ ಜೋರಾಗಿ ಓದಿ. "ಬೇಡ", "ಹೋಗಬೇಡ", "ನನಗೇಕೋ ಸರಿ ಅನ್ನಿಸುತ್ತಿಲ್ಲ" ಇಂಥವೇ ತುಂಬಿದ್ದರೆ ಪಾತ್ರ ಸತ್ತಿದೆ. ಎಚ್ಚರ ಅಂದರೆ ಬೇಡ ಅನ್ನುವುದಲ್ಲ, ಏನಾದರೂ ಮಾಡುವುದು. ಹೊಸ್ತಿಲಿಗೆ ಬೂದಿ ಹಾಕಿ ಹೆಜ್ಜೆ ಗುರುತು ನೋಡುವುದು, ಬಾವಿಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನು ಅವಳ ಸೊಂಟಕ್ಕೆ ಕಟ್ಟಿ ಕಳಿಸುವುದು. ಪ್ರತಿಯೊಂದು "ಬೇಡ"ವನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಕೈಯಿಂದ ಮಾಡುವ ಒಂದು ಕೆಲಸ ಬರೆಯಿರಿ. ಹಗ್ಗ ಕಟ್ಟಿದಿರಾದರೆ ಒಂದು ದೃಶ್ಯದಲ್ಲಿ ಅದು ಸಡಿಲವಾಗಿ ಕೈಗೆ ಬರಬೇಕು, ಆ ದೃಶ್ಯಕ್ಕೂ ಜಾಗ ಇಟ್ಟುಕೊಳ್ಳಿ.

ಆತುರದವಳ ಕಡೆ ಒಂದೇ ಪರೀಕ್ಷೆ. ಅವಳು ಬಾಗಿಲು ತೆರೆದ ಪ್ರತಿ ಸಲವೂ ಬಾಗಿಲಾಚೆ ಯಾರೋ ಕಷ್ಟದಲ್ಲಿದ್ದಾರೆ ಅಂತ ಅವಳು ನಂಬಲು ಕಾರಣ ಇತ್ತಾ? ಬರೀ ಕುತೂಹಲಕ್ಕೆ ತೆರೆದ ಬಾಗಿಲು ಒಂದಿದ್ದರೆ ಪರವಾಗಿಲ್ಲ. ಎರಡಾದರೆ ಎರಡನೆಯದನ್ನು ತೆಗೆದುಬಿಡಿ.